ಮರೆಗುಳಿ ರೋಗ: ವಸತಿ ಆರೈಕೆ ಮತ್ತು ಮನೆಮಾತು

ಮರೆಗುಳಿ ರೋಗ ಅಥವಾ ಡಿಮೆನ್ಷಿಯಾ ಮುಪ್ಪಿನ ಸಹಜ ಮರೆವಲ್ಲ. ಮಿದುಳಿನ ಕಾಯಿಲೆಗಳಿಂದ ನೆನಪು, ಮಾತು, ದಿನಚರಿಯ ಸಾಮರ್ಥ್ಯಗಳು ಕುಗ್ಗುವ ಸ್ಥಿತಿ. ಆಲ್ಝೈಮರ್ಸ್ ಕಾಯಿಲೆಯೇ ಇದಕ್ಕೆ ಮುಖ್ಯ ಕಾರಣ. ಮನೆಯವರಿಂದ ಹಗಲಿರುಳಿನ ಆರೈಕೆ ಸಾಧ್ಯವಾಗದ ಹಂತದಲ್ಲಿ ವಸತಿ ಕೇಂದ್ರಗಳು ನೆರವಾಗುತ್ತವೆ. ಕೇರಳದಲ್ಲಿ ಈ ಕಾರ್ಯಕ್ಕೆ ಹಳೆಯ ನೆಲೆಯಿದೆ: ಮರೆಗುಳಿ ರೋಗಿಗಳಿಗಾಗಿ ದುಡಿಯುವ ಎ.ಆರ್.ಡಿ.ಎಸ್.ಐ. ಸಂಸ್ಥೆ 1992ರಲ್ಲಿ ಅಲ್ಲಿಯೇ ಆರಂಭವಾಯಿತು.

ಕಾಸರಗೋಡಿನ ಕನ್ನಡ ಕುಟುಂಬಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರೋಗ ಬಲಿತಂತೆ ಬಹುಭಾಷಿಕರಲ್ಲಿ ಅನೇಕರು ಅನಂತರ ಕಲಿತ ನುಡಿಯಿಂದ ಸರಿದು, ಎಳವೆಯ ನುಡಿಗೆ ಮರಳುತ್ತಾರೆ. ಕಚೇರಿಯಲ್ಲಿ ಮೂವತ್ತು ವರ್ಷ ಮಲಯಾಳದಲ್ಲಿ ವ್ಯವಹರಿಸಿದ ಹಿರಿಯರೂ ಹಸಿವು, ನೋವುಗಳನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾತ್ರ ಹೇಳತೊಡಗಬಹುದು. ಪರಿಚಾರಕರಿಗೆ ಅದು ತಿಳಿಯದಿದ್ದರೆ ಬೇಡಿಕೆಯೇ ರಂಪವಾಗಿ ಕಾಣುತ್ತದೆ.

ಆದುದರಿಂದ ಕೇಂದ್ರವನ್ನು ಆರಿಸುವಾಗ ಕಟ್ಟಡದ ಅಂದಕ್ಕಿಂತ ಮೊದಲು, ರಾತ್ರಿ ಪಾಳಿಯಲ್ಲಿ ಮನೆಮಾತು ಬಲ್ಲವರು ಇರುತ್ತಾರೆಯೇ ಎಂದು ವಿಚಾರಿಸಬೇಕು. ಇಲ್ಲವಾದರೆ ನೀರು, ಶೌಚ, ನೋವು, ಚಳಿ ಮುಂತಾದವುಗಳಿಗೆ ಆ ಹಿರಿಯರು ಮನೆಯಲ್ಲಿ ಬಳಸುತ್ತಿದ್ದ ಪದಗಳನ್ನೇ ಮಲಯಾಳ ಲಿಪಿಯಲ್ಲಿ ಅರ್ಥಸಹಿತ ಬರೆದು ಹಾಸಿಗೆಯ ಬಳಿ ತೂಗುಹಾಕಬಹುದು. ಎರಡೂ ಲಿಪಿ ಬಲ್ಲ ನಮ್ಮ ಶಾಲೆಗಳ ಮಕ್ಕಳಿಗೆ ಇದು ಅರ್ಧ ಗಂಟೆಯ ಕೆಲಸ.