ಜ್ಯೂರಿಯಿಂದ ಪಂಚರವರೆಗೆ: ‘ಗೌರವಸ್ಥ’ ಯಾರು?

ಸೇಡಂ, ಚಿತ್ತಾಪುರ, ಚಿಂಚೋಳಿಗಳ ನ್ಯಾಯಾಲಯಗಳಲ್ಲಿ ಇಂದು ಜ್ಯೂರಿ ಇಲ್ಲ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ 8-1ರಿಂದ ನಿರ್ದೋಷಿ ಎಂದದ್ದೇ ಈ ಪದ್ಧತಿಯ ಅಂತ್ಯಕ್ಕೆ ಕಾರಣವೆಂಬ ಮಾತು ಪ್ರಚಲಿತವಾಗಿದೆ. ವಾಸ್ತವದಲ್ಲಿ ಕಾನೂನು ಆಯೋಗವು 1958ರಲ್ಲಿಯೇ ಅದರ ರದ್ದತಿಗೆ ಶಿಫಾರಸು ಮಾಡಿತ್ತು.

ಜ್ಯೂರಿಯ ದೊಡ್ಡ ದೋಷ ಅದರ ಆಯ್ಕೆಯಲ್ಲಿತ್ತು. ಲೋಕಮಾನ್ಯ ತಿಲಕರ 1897ರ ವಿಚಾರಣೆಯಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು ಕುಳಿತಿದ್ದರು, ತೀರ್ಮಾನ 6-3. 1908ರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಭಾರತೀಯರು, ತೀರ್ಮಾನ 7-2. ವ್ಯಕ್ತಿಯನ್ನು ನೋಡದೆ ವರ್ಣವನ್ನು ನೋಡಿ ಪಟ್ಟಿ ತಯಾರಿಸಿದಾಗ ಆ ತೀರ್ಪನ್ನು ಜನತೆ ನ್ಯಾಯವೆಂದು ಒಪ್ಪಲಿಲ್ಲ. ಅಮೆರಿಕದಲ್ಲಿಯೂ ವರ್ಣದ ಕಾರಣಕ್ಕೆ ಜ್ಯೂರಿ ಸದಸ್ಯರನ್ನು ಕೈಬಿಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ ಬ್ಯಾಟ್ಸನ್ ಪ್ರಕರಣದಲ್ಲಿ ನಿಷೇಧಿಸಿದ್ದು 1986ರಲ್ಲಿ. ಲಿಂಗದ ಕಾರಣಕ್ಕೆ ಕೈಬಿಡುವುದನ್ನು ನಿಷೇಧಿಸಿದ್ದು 1994ರಲ್ಲಿ.

ಜ್ಯೂರಿ ಹೋದರೂ ಈ ಪ್ರಶ್ನೆ ನಮ್ಮಲ್ಲಿ ಪಂಚರ ರೂಪದಲ್ಲಿ ಉಳಿದಿದೆ. ಪಂಚರು ತೀರ್ಪು ನೀಡುವವರಲ್ಲ, ಸಾಕ್ಷಿಗಳು. ಆದರೆ ಕಳವಿನ ಮಾಲು ಅಥವಾ ಆಯುಧ ಆರೋಪಿಯ ಬಳಿಯೇ ದೊರೆಯಿತೇ ಎಂಬುದು ಅನೇಕ ವೇಳೆ ಅವರ ಮಾತಿನ ಮೇಲೆ ನಿಲ್ಲುತ್ತದೆ. ಶೋಧನೆಗೆ ಮುನ್ನ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ‘ಸ್ವತಂತ್ರ ಮತ್ತು ಗೌರವಸ್ಥ’ ನಿವಾಸಿಗಳನ್ನು ಕರೆಯಬೇಕೆಂದು ಹಳೆಯ ಸಂಹಿತೆಯ 100ನೇ ಕಲಂ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮೂ ಅದನ್ನೇ ಹೇಳುತ್ತದೆ. ಅಂಥವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಪ್ರದೇಶದವರನ್ನು ಕರೆಯಬಹುದು. ಲಿಖಿತ ಆದೇಶವಿದ್ದೂ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ.

‘ಗೌರವಸ್ಥ’ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರವೇ ತೊಡಕು. ಊರಿನ ಗೌಡರು, ಅಂಗಡಿಯ ಶೆಟ್ಟರು, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯವರು! ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕ, ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಸೀಳುವವ, ಚಿಂಚೋಳಿ ತಾಂಡಾದ ಲಂಬಾಣಿ ಮಹಿಳೆ ಆ ಚಿತ್ರದಲ್ಲಿ ಕಾಣುವುದಿಲ್ಲ. ಆದರೆ ಕಲಂ ಆಸ್ತಿಯನ್ನಾಗಲಿ, ಜಾತಿಯನ್ನಾಗಲಿ, ಓದನ್ನಾಗಲಿ ಕೇಳಿಲ್ಲ. ಗೌಡರು ಆರೋಪಿಯೊಡನೆ ಹೊಲದ ಬದುವಿನ ವ್ಯಾಜ್ಯ ನಡೆಸುತ್ತಿದ್ದರೆ ಅವರ ಸ್ವಾತಂತ್ರ್ಯವೇ ಪ್ರಶ್ನಾರ್ಹ. ಯಾರ ಹಂಗೂ ಇಲ್ಲದ ಕೂಲಿಕಾರ ಅವರಿಗಿಂತ ಯೋಗ್ಯ ಪಂಚ. ಆರೋಪಿಯ ಜಾತಿಯವನು ಸುಳ್ಳು ಹೇಳಿಯೇ ಹೇಳುತ್ತಾನೆ ಎಂಬ ಎಣಿಕೆಯೂ ಇಂಥದೇ ಪೂರ್ವಗ್ರಹ. ಆತನಿಗೆ ಪ್ರಕರಣದಲ್ಲಿ ಹಿತಾಸಕ್ತಿ ಇದೆಯೇ, ಪೊಲೀಸರ ಅಥವಾ ಫಿರ್ಯಾದಿಯ ಅಧೀನದಲ್ಲಿ ಇದ್ದಾನೆಯೇ, ಸ್ಥಳದಲ್ಲಿ ಕಡೆಯವರೆಗೂ ನಿಂತು ನೋಡಿದನೇ ಎಂಬುದೇ ಮುಖ್ಯ. ಠಾಣೆಯ ಎದುರಿನ ಚಹಾ ಅಂಗಡಿಯವನನ್ನೇ ಪ್ರಕರಣದಿಂದ ಪ್ರಕರಣಕ್ಕೆ ಪಂಚನನ್ನಾಗಿಸಿದರೆ ಪಾಟೀಸವಾಲಿನಲ್ಲಿ ಆ ಸಾಕ್ಷ್ಯ ಉಳಿಯುವುದು ಕಷ್ಟ.

ಭಾಷೆಯ ಪ್ರಶ್ನೆ ಈ ಭಾಗದಲ್ಲಿ ಇನ್ನೂ ಸೂಕ್ಷ್ಮ. ಕನ್ನಡದೊಡನೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತನಾಡುವವರಿರುವಲ್ಲಿ ಪಂಚನಾಮೆಯನ್ನು ಪಂಚರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಪಡೆದರೆ ವಿಚಾರಣೆಯಲ್ಲಿ ಪಂಚ ತಬ್ಬಿಬ್ಬಾಗುತ್ತಾನೆ. ‘ಸಹಿ ಮಾಡಿದೆ, ಏನು ಬರೆದಿತ್ತೋ ಗೊತ್ತಿಲ್ಲ’ ಎಂದರೆ ಪ್ರತಿಕೂಲ ಸಾಕ್ಷಿ ಎಂಬ ಹಣೆಪಟ್ಟಿ ಅವನಿಗೇ. ಓದು ಬಾರದವನು ಪಂಚನಾಗಲಾರ ಎಂದು ಇದರಿಂದ ತೀರ್ಮಾನಿಸುವುದು ಸಲ್ಲದು; ಓದಿ ಹೇಳುವ ಹೊಣೆ ಬರೆದವರದು.

ಹೊಸ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯನ್ನು ಪಂಚರ ಸಹಿಯ ಸಮೇತ ಧ್ವನಿ-ದೃಶ್ಯ ಮುದ್ರಣ ಮಾಡಬೇಕೆನ್ನುತ್ತದೆ. ಹೀಗಾಗಿ ಪಂಚರು ನಿಜವಾಗಿಯೂ ಸ್ಥಳದಲ್ಲಿದ್ದರೇ ಎಂಬುದನ್ನು ನ್ಯಾಯಾಲಯ ಸ್ವತಃ ನೋಡಬಹುದು.