ರೈಫಲ್ ಒಂದಕ್ಕೆ 75 ಸೆಂಟ್

(1/5)
ಬಿಕಾಂ ಓದಿರೋರಿಗೆ ರಾಯಲ್ಟಿ ಅಕೌಂಟ್ಸ್ ಚಾಪ್ಟರ್ ನೆನಪಿರುತ್ತೆ. ಯಾವಾಗಲೂ ಒಂದು ಕಲ್ಲಿದ್ದಲು ಗಣಿ. ಟನ್ನಿಗೆ ಇಷ್ಟು ರೂಪಾಯಿ, ಮಿನಿಮಮ್ ರೆಂಟ್ ಇಷ್ಟು, ಶಾರ್ಟ್ ವರ್ಕಿಂಗ್ಸ್ ಇಷ್ಟು. ಲೆಕ್ಕ ಟ್ಯಾಲಿ ಆಗ್ತಿತ್ತು, ಆದ್ರೆ ಆ ಗಣಿ ಎಲ್ಲಾದ್ರೂ ನಿಜವಾಗಿ ಇದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೋದ ತಿಂಗಳು ಹಳೇ ಯುದ್ಧಗಳ ಬಗ್ಗೆ ಓದ್ತಿದ್ದಾಗ ನಮ್ಮ ಪರೀಕ್ಷೆ ಪ್ರಶ್ನೆ ಥರಾನೇ ಇರೋ ಒಂದು ಒಪ್ಪಂದ ಸಿಕ್ತು. ರಾಯಲ್ಟಿ ಕೊಟ್ಟಿದ್ದು ಅಮೆರಿಕದ ಸೇನೆ. ತಗೊಂಡಿದ್ದು ಜರ್ಮನಿಯ ಬಂದೂಕು ಕಂಪನಿ ಮೌಸರ್.

ಕಥೆ ಶುರುವಾಗೋದು ಕ್ಯೂಬಾದಲ್ಲಿ, 1898ರ ಜುಲೈ 1ರಂದು. ಸ್ಯಾನ್ ವಾನ್ ಗುಡ್ಡದ ಮೇಲೆ ಸ್ಪೇನ್ ಸೈನಿಕರು, ಕೆಳಗಿನಿಂದ ಹತ್ತುತ್ತಿರೋರು ಅಮೆರಿಕನ್ನರು. ಸ್ಪೇನಿನವರ ಕೈಯಲ್ಲಿ 7 ಮಿಲಿಮೀಟರ್ ಮೌಸರ್ ರೈಫಲ್. ಐದು ತೋಟಾ ಜೋಡಿಸಿದ ಒಂದು ಲೋಹದ ಕ್ಲಿಪ್ ಇಟ್ಟು ಹೆಬ್ಬೆರಳಲ್ಲಿ ಒತ್ತಿದ್ರೆ ಐದೂ ಒಟ್ಟಿಗೆ ಒಳಗೆ ಹೋಗುತ್ತೆ. ಅಮೆರಿಕನ್ನರ ಕ್ರಾಗ್ ರೈಫಲ್‌ಗೆ ಪಕ್ಕದ ಬಾಗಿಲು ತೆಗೆದು ಒಂದೊಂದೇ ತೋಟಾ ಹಾಕಬೇಕು. ಮೇಲಿಂದ ಗುಂಡು ಸುರೀತಿರುವಾಗ ಒಂದೊಂದೇ ಹಾಕ್ತಾ ಕೂತವನ ಸ್ಥಿತಿ ಊಹಿಸಿಕೊಳ್ಳಿ. ಗುಡ್ಡ ಗೆದ್ದರು ನಿಜ, ಆದ್ರೆ ಸತ್ತವರ, ಗಾಯಗೊಂಡವರ ಪಟ್ಟಿ ನೋಡಿ ಸೇನೆಗೆ ಬುದ್ಧಿ ಬಂತು. ವಶಪಡಿಸಿಕೊಂಡ ಮೌಸರ್‌ಗಳು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ಬಿಚ್ಚಿದರು, ಅಳೆದರು. 1903ರಲ್ಲಿ ಹೊಸ ರೈಫಲ್ ಬಂತು: ಸ್ಪ್ರಿಂಗ್‌ಫೀಲ್ಡ್ ಎಂ1903. ಬೋಲ್ಟು, ಒಳಗಿನ ಮ್ಯಾಗಜೀನು, ಕ್ಲಿಪ್ಪು, ಎಲ್ಲದರಲ್ಲೂ ಮೌಸರ್‌ನ ಮುಖ ಕಾಣ್ತಿತ್ತು.

(2/5)
ಇಲ್ಲಿ ಬರ್ತಾರೆ ವಿಲಿಯಂ ಕ್ರೋಜಿಯರ್. ಅಮೆರಿಕ ಸೇನೆಯ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ. ಇವರು ಬರೀ ಅಧಿಕಾರಿ ಅಲ್ಲ, ಸ್ವತಃ ಹೊಸದನ್ನು ಕಂಡುಹಿಡಿದವರು. ಗುಂಡು ಹಾರಿಸಿದ ತಕ್ಷಣ ಗೋಡೆ ಹಿಂದೆ ಇಳಿದು ಮರೆಯಾಗೋ ಫಿರಂಗಿ ಗಾಡಿಯ ಹೆಸರಲ್ಲೇ ಇವರ ಹೆಸರು ಸೇರಿದೆ, ಬಫಿಂಗ್ಟನ್-ಕ್ರೋಜಿಯರ್ ಅಂತ. ಹಾಗಾಗಿ ಒಂದು ಯಂತ್ರದಲ್ಲಿ ಯಾರ ತಲೆ ಎಲ್ಲಿದೆ ಅನ್ನೋದು ಅವರಿಗೆ ಅರ್ಥ ಆಗ್ತಿತ್ತು ಅಂತ ನನ್ನ ಅಂದಾಜು.

1904ರಲ್ಲಿ ಕ್ರೋಜಿಯರ್ ಮೌಸರ್ ಕಂಪನಿಗೆ ತಾವೇ ಕಾಗದ ಬರೆದರು. ನಮ್ಮ ಹೊಸ ಕ್ಲಿಪ್‌ನಲ್ಲಿ ನಿಮ್ಮ ಪೇಟೆಂಟ್ ಬಳಕೆಯಾಗಿರಬಹುದು, ನೋಡಿ ಹೇಳಿ ಅನ್ನೋ ಅರ್ಥದ ಕಾಗದ. ಮೌಸರ್ ಕಡೆಯವರು ನೋಡಿದರು. ಕ್ಲಿಪ್ ಮಾತ್ರ ಅಲ್ಲ ಸ್ವಾಮಿ, ರೈಫಲ್‌ನಲ್ಲೂ ನಮ್ಮದಿದೆ ಅಂದರು. ಮಾತುಕತೆ ಆಯ್ತು. 1905ರಲ್ಲಿ ಒಪ್ಪಂದ: ರೈಫಲ್ ಒಂದಕ್ಕೆ 75 ಸೆಂಟ್, ಸಾವಿರ ಕ್ಲಿಪ್‌ಗೆ 50 ಸೆಂಟ್, ಒಟ್ಟು 2,00,000 ಡಾಲರ್ ಮುಟ್ಟಿದ ಮೇಲೆ ಏನೂ ಕೊಡಬೇಕಿಲ್ಲ.

ಕ್ಲಾಸ್‌ಮೇಟ್‌ಗಳೇ, ಇದನ್ನು ಎರಡು ಸಲ ಓದಿ. ನಮ್ಮ ಚಾಪ್ಟರ್‌ನಲ್ಲಿ ಗಣಿ ಮಾಲೀಕನಿಗೆ ಮಿನಿಮಮ್ ರೆಂಟ್ ಇರುತ್ತೆ, ಅಂದ್ರೆ ಕಡಿಮೆ ಅಂದ್ರೂ ಇಷ್ಟು ಬರಲೇಬೇಕು ಅಂತ. ಇಲ್ಲಿ ಉಲ್ಟಾ, ಮ್ಯಾಕ್ಸಿಮಮ್ ಇದೆ! ಕ್ಲಿಪ್ ಬಿಟ್ಟು ಬರೀ ರೈಫಲ್ ಲೆಕ್ಕ ಹಾಕಿದ್ರೆ ಸುಮಾರು 2,66,667ನೇ ರೈಫಲ್‌ಗೆ ಬಾಕಿ ಚುಕ್ತಾ. ಆಮೇಲೆ ಎಷ್ಟು ಲಕ್ಷ ಮಾಡಿದ್ರೂ ಫ್ರೀ. 1909ರ ಹೊತ್ತಿಗೆ ಪೂರ್ತಿ ಹಣ ಸಂದಾಯ ಆಗಿತ್ತು. ಎಂಟು ವರ್ಷದ ನಂತರ ಅಮೆರಿಕ ಅದೇ ಜರ್ಮನಿ ಮೇಲೆ ಯುದ್ಧ ಸಾರಿದಾಗ ಈ ರೈಫಲ್‌ಗಳ ಮೇಲೆ ಒಂದು ಸೆಂಟ್ ಬಾಕಿಯೂ ಇರಲಿಲ್ಲ. ಆ ಮಿತಿಯ ಸಾಲು ಬರೆದವರು ಯಾರೋ ಗೊತ್ತಿಲ್ಲ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಅವರೇ ಹೀರೋ.

(3/5)
ಹಾಗಂತ ಕ್ರೋಜಿಯರ್ ಪ್ರತಿ ಸಲ ಹೀಗೇ ಮಾಡಿದರಾ? ಇಲ್ಲ.

ರೈಫಲ್ ಸೇನೆಗೆ ಸೇರೋ ಹೊತ್ತಿಗೆ ಜರ್ಮನ್ನರು ಮೊಂಡು ಮೂತಿಯ ಗುಂಡು ಬಿಟ್ಟು ಚೂಪು ಮೂತಿಯದಕ್ಕೆ ಹೋಗಿದ್ದರು. ಅದು ಗಾಳಿ ಸೀಳ್ಕೊಂಡು ಹೆಚ್ಚು ದೂರ ಹೋಗುತ್ತೆ. 1906ರಲ್ಲಿ ಅಮೆರಿಕವೂ ಚೂಪು ಗುಂಡಿನ ಹೊಸ ತೋಟಾ ತಂತು. ಆಗ ಜರ್ಮನಿಯ ಡಿ.ಡಬ್ಲ್ಯು.ಎಂ. ಅನ್ನೋ ಮದ್ದುಗುಂಡು ಕಂಪನಿ ಬಂದು, ಈ ಗುಂಡಿನ ಪೇಟೆಂಟ್ ನಮ್ಮದು ಅಂತು. ಕ್ರೋಜಿಯರ್ ಒಪ್ಪಲಿಲ್ಲ. 1914ರ ಜುಲೈನಲ್ಲಿ ಕಂಪನಿ ಅಮೆರಿಕ ಸರ್ಕಾರದ ಮೇಲೆ ಕೇಸ್ ಹಾಕಿತು. ಕೆಲವೇ ದಿನದಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರು! 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದ ಮೇಲೆ ಶತ್ರು ದೇಶದ ಆಸ್ತಿ ಅಂತ ಆ ಪೇಟೆಂಟನ್ನೇ ಜಪ್ತಿ ಮಾಡಿತು. ಕೇಸು ಮುಗೀತು ಅಂತ ಎಲ್ಲರೂ ಅಂದುಕೊಂಡಿರಬೇಕು. ಯುದ್ಧದ ನಂತರ ನ್ಯಾಯಮಂಡಳಿ ಆ ಜಪ್ತಿಯೇ ಒಪ್ಪಂದಕ್ಕೆ ವಿರುದ್ಧ ಅಂತು. ಮೇಲ್ಮನವಿ, ವಾಯಿದೆ, ಬಡ್ಡಿ. ಕೊನೆಗೆ 1928ರಲ್ಲಿ ಅಮೆರಿಕ 4,12,000 ಡಾಲರ್‌ಗೂ ಹೆಚ್ಚು ಕಟ್ಟಿತು. ಇಡೀ ರೈಫಲ್‌ಗೆ ಕೊಟ್ಟಿದ್ದರ ಎರಡು ಪಟ್ಟು, ಬರೀ ಗುಂಡಿನ ಮೂತಿಗೆ.

ಇದನ್ನು ನೋಡಿ ಕ್ರೋಜಿಯರ್ ದಡ್ಡ ಅಂತ ಕಮೆಂಟ್ ಹಾಕಬೇಡಿ. ದುಡ್ಡು ಹೋಗಿದ್ದು ಪೇಟೆಂಟ್ ವಿಷಯದಲ್ಲಿ ಸೋತಿದ್ದಕ್ಕಲ್ಲ, ಜಪ್ತಿ ಮಾಡಿದ್ದಕ್ಕೆ. ಆದ್ರೂ ಒಂದು ಕಡೆ ಮೊದಲೇ ಕೂತು ಮಾತಾಡಿ ಮಿತಿ ಬರೆಸಿಕೊಂಡರು, ಇನ್ನೊಂದು ಕಡೆ ಮಾತೇ ಬೇಡ ಅಂದರು. ವ್ಯತ್ಯಾಸ ಎರಡು ದಶಕ ಎಳೀತು.

(4/5)
ಈ ಭಾಗ ಸ್ವಲ್ಪ ಕಾನೂನು, ಬೇಗ ಮುಗಿಸ್ತೀನಿ.

1910ಕ್ಕಿಂತ ಮುಂಚೆ ಸರ್ಕಾರ ನನ್ನ ಪೇಟೆಂಟ್ ಕದ್ದಿದೆ ಅಂತ ಅಮೆರಿಕ ಸರ್ಕಾರದ ಮೇಲೆ ನೇರವಾಗಿ ಕೇಸ್ ಹಾಕೋಕೆ ದಾರಿಯೇ ಇರಲಿಲ್ಲ. ಹಾಗಾಗಿ ಫಿರಂಗಿ ಕಂಪನಿ ಕ್ರುಪ್ ಏನು ಮಾಡಿತು ಗೊತ್ತಾ? ಅಧಿಕಾರಿಯ ಮೇಲೇ ಕೇಸ್ ಹಾಕಿತು. ಯಾರು ಆ ಅಧಿಕಾರಿ? ನಮ್ಮ ಕ್ರೋಜಿಯರೇ! ಪಾಪ. 1910ರ ಕಾನೂನು ಒಂದು ದಾರಿ ಕೊಡ್ತು: ಸರ್ಕಾರ ಬಳಸೋದನ್ನ ತಡೆಯೋಕಾಗಲ್ಲ, ಆದ್ರೆ ಕೋರ್ಟಿಗೆ ಹೋಗಿ ನ್ಯಾಯವಾದ ಪರಿಹಾರ ಕೇಳಬಹುದು. 1912ರಲ್ಲಿ ಸುಪ್ರೀಂ ಕೋರ್ಟ್ ಕ್ರುಪ್‌ಗೂ ಅದನ್ನೇ ಹೇಳಿತು.

1918ರಲ್ಲಿ ಇನ್ನೊಂದು ತಲೆನೋವು. ಸರ್ಕಾರಕ್ಕೆ ಮಾಲು ಮಾಡಿಕೊಡೋ ಕಂಪನಿಗಳ ಮೇಲೆ ಕೇಸ್ ಬಿದ್ದರೆ? ಯುದ್ಧದ ಮಧ್ಯೆ ಆರ್ಡರ್ ತಗೊಳ್ಳೋಕೇ ಹೆದರೋ ಪರಿಸ್ಥಿತಿ. ನೌಕಾ ಇಲಾಖೆಯಿಂದ ಸಂಸತ್ತಿಗೆ ಇದರ ಬಗ್ಗೆ ಪತ್ರ ಹೋಯ್ತು. ಸಹಿ ಹಾಕಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷ ಆದವರೇ. ಆ ವರ್ಷವೇ ತಿದ್ದುಪಡಿ ಬಂತು: ಕೇಸ್ ಕಂಪನಿ ಮೇಲಲ್ಲ, ಸರ್ಕಾರದ ಮೇಲೆ. ನಮ್ಮ ಭಾರತದ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 100 ಕೂಡ ಸರ್ಕಾರಕ್ಕೆ ತನ್ನ ಕೆಲಸಕ್ಕಾಗಿ ಆವಿಷ್ಕಾರ ಬಳಸೋ ಅಧಿಕಾರ ಕೊಡುತ್ತೆ.

(5/5)
ಈಗ ನಮ್ಮ ಮನೆ ವಿಷಯ. ನಮ್ಮ ಮಾವನದು ಪೀಣ್ಯದಲ್ಲಿ ಸಣ್ಣ ಶೆಡ್ಡು, ಜಾಬ್ ವರ್ಕ್. ಸಾಲ ಮಾಡಿ ಒಂದು ಸಿಎನ್‌ಸಿ ಮಷಿನ್ ತಗೊಂಡರು. ಎರಡನೇ ವರ್ಷ ಅದು ನಿಂತು ಹೋಯ್ತು. ರಿಪೇರಿ ಗೊತ್ತಿರೋ ಹುಡುಗ ಪಕ್ಕದ ಶೆಡ್‌ನಲ್ಲೇ ಇದ್ದ, ಆದ್ರೆ ಪಾಸ್‌ವರ್ಡ್ ಕಂಪನಿ ಹತ್ರ. ಅವರ ಇಂಜಿನಿಯರ್ ಬರೋಕೆ ಒಂಬತ್ತು ದಿನ. ಮಾವ ದಿನಾ ಶೆಡ್‌ಗೆ ಹೋಗಿ ಸುಮ್ನೆ ಕೂತು ಬರ್ತಿದ್ದರು. "ಮಷಿನ್ ನನ್ನದು ಕಣೋ, ಬೀಗದ ಕೈ ಅವರದ್ದು" ಅಂದಿದ್ದು ಈಗಲೂ ಕಿವಿಯಲ್ಲಿದೆ.

ಅಮೆರಿಕದ ಎಫ್-35 ಯುದ್ಧ ವಿಮಾನದ್ದೂ ಇದೇ ಪಾಡು. ಕೊಳ್ಳುವಾಗ ರಿಪೇರಿಗೆ ಬೇಕಾದ ತಾಂತ್ರಿಕ ದಾಖಲೆಗಳ ಹಕ್ಕನ್ನು ಸರ್ಕಾರ ಸರಿಯಾಗಿ ತಗೊಳ್ಳಲಿಲ್ಲ. ಈಗ ನಿರ್ವಹಣೆಗೆ ಕಂಪನಿಯನ್ನೇ ಕಾಯಬೇಕು. ಅದು ದೊಡ್ಡ ತಪ್ಪು ಅಂತ ಅಲ್ಲಿನ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಾಲ್ 2023ರಲ್ಲಿ ಬಹಿರಂಗವಾಗಿಯೇ ಹೇಳಿದರು. ಕ್ರೋಜಿಯರ್ ಕುರ್ಚಿ ಇತ್ತು, ಆ ಕಣ್ಣು ಇರಲಿಲ್ಲ. 2017ರ ಕೊನೆಯಲ್ಲಿ ಸಂಸತ್ತು ಕಾನೂನು ಮಾಡಿ, ಬೌದ್ಧಿಕ ಆಸ್ತಿ ಗೊತ್ತಿರೋರ ಒಂದು ತಂಡ ಕಟ್ಟಿ ಅಂತ ರಕ್ಷಣಾ ಇಲಾಖೆಗೆ ಹೇಳಬೇಕಾಯ್ತು. 2019ರಲ್ಲಿ ನಿಯಮ ಬಂತು. 2021ರಲ್ಲಿ ಅವರ ಆಡಿಟ್ ಸಂಸ್ಥೆ ನೋಡಿದರೆ ಆ ತಂಡಕ್ಕೆ ಮುಂದೆ ಹಣ ಎಲ್ಲಿಂದ, ಜನ ಎಲ್ಲಿಂದ ಅನ್ನೋದೇ ಖಚಿತ ಇರಲಿಲ್ಲ. ಸಾವಿರಾರು ಕೋಟಿಯ ವಿಮಾನಕ್ಕೆ ದುಡ್ಡಿದೆ, ಅಗ್ರಿಮೆಂಟ್ ಓದೋ ನಾಲ್ಕು ಜನರ ಸಂಬಳಕ್ಕೆ ಯೋಚನೆ!

ನಗೋಕೆ ಮುಂಚೆ ನಮ್ಮ ಬೋಫೋರ್ಸ್ ನೆನಪಿಸಿಕೊಳ್ಳಿ. 1986ರಲ್ಲಿ 410 ಫಿರಂಗಿ ಕೊಳ್ಳುವಾಗ ತಂತ್ರಜ್ಞಾನದ ದಾಖಲೆಗಳೂ ನಮಗೆ ಬಂದವು. ಅಂದ್ರೆ ನಾವು ಬೀಗದ ಕೈಯನ್ನೂ ತಗೊಂಡಿದ್ವಿ. ಮುಂದಿನ ವರ್ಷ ಲಂಚದ ಹಗರಣ ಹೊರಬಿತ್ತು, ಆ ಹೆಸರು ಮುಟ್ಟೋಕೂ ಎಲ್ಲರೂ ಹೆದರಿದರು, ಕಾಗದ ಕಪಾಟಿನಲ್ಲೇ ಉಳೀತು. ಸುಮಾರು ಕಾಲು ಶತಮಾನ ಆದ ಮೇಲೆ ಅದನ್ನು ತೆಗೆದು, ನಳಿಗೆ ಉದ್ದ ಮಾಡಿ, ಜಬಲ್ಪುರದಲ್ಲಿ ಧನುಷ್ ಫಿರಂಗಿ ಮಾಡಿದರು. ಮೊದಲ ಆರು ಸೇನೆಗೆ ಸಿಕ್ಕಿದ್ದು 2019ರ ಏಪ್ರಿಲ್‌ನಲ್ಲಿ. ಮಧ್ಯದಲ್ಲಿ ಕಾರ್ಗಿಲ್ ಬಂದು ಹೋಗಿತ್ತು.

ಮಾವ ಈಗ ಎರಡನೇ ಮಷಿನ್ ನೋಡ್ತಿದ್ದಾರೆ. ಕೊಟೇಶನ್ ನನಗೆ ವಾಟ್ಸಾಪ್ ಮಾಡಿದ್ದಾರೆ, ಹನ್ನೊಂದು ಪುಟ, ಹಿಂದಿನ ಪುಟಗಳಲ್ಲಿ ಇರುವೆ ಸಾಲಿನಂಥ ಅಕ್ಷರ. ಇವತ್ತು ರಾತ್ರಿ ಕೂತು ಓದಬೇಕು. ರೈಟ್ ಸಹೋದರರ ವಿಮಾನ ಪೇಟೆಂಟ್ ಜಗಳದ ಕಥೆ ಇಂಟರ್ನಲ್ಸ್ ಮುಗಿದ ಮೇಲೆ ಹಾಕ್ತೀನಿ.