ಬಿರುದು ಬೇಡವೆಂದ ಹಾಡಿನ ಹೆಸರಲ್ಲಿ ಸ್ಪರ್ಧೆ

ಯಾರು ಕೇಳಲಿ ಬಿಡಲಿ, ಹಾಡದೆ ಇರಲಾರೆ. ಬಿರುದಿನ ಹಂಗು ನನಗಿಲ್ಲ. ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಕವಿತೆಯ ಭಾವ ಇದು. ಕುಮಾರಸ್ವಾಮಿ ಲೇಔಟ್ ಪಕ್ಕದ ಬನಶಂಕರಿಯಲ್ಲಿ ಬಾಳಿದ ಕವಿ ಅವರು. (2006ರಲ್ಲಿ ರಾಷ್ಟ್ರಕವಿ ಬಿರುದು ಅವರನ್ನೇ ಹುಡುಕಿಕೊಂಡು ಬಂತೆನ್ನಿ.) ಆ ಸಾಲನ್ನು ತುಸು ತಿರುಗಿಸಿ ‘ಎದೆ ತುಂಬಿ ಹಾಡುವೆನು’ ಎಂದು ಹೆಸರಿಟ್ಟುಕೊಂಡದ್ದು ಮಾತ್ರ ಗೆಲುವು ಸೋಲುಗಳ ಟಿ.ವಿ. ಸ್ಪರ್ಧೆ!

ಈ ವಿಪರ್ಯಾಸ ಯಾರಿಗೂ ಚುಚ್ಚದಂತೆ ನೋಡಿಕೊಂಡವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ತೆಲುಗಿನಲ್ಲಿ 1996ರಲ್ಲಿ ‘ಪಾಡುತಾ ತೀಯಗಾ’ ಶುರುಮಾಡಿದ್ದ ಅವರು ಅದೇ ಕ್ರಮವನ್ನು ಈಟಿವಿ ಕನ್ನಡಕ್ಕೂ ತಂದರು. ಶ್ರುತಿ ಎಲ್ಲಿ ಜಾರಿತು, ಉಚ್ಚಾರಣೆ ಎಲ್ಲಿ ಕೆಟ್ಟಿತು ಎಂದು ಮೆಲ್ಲಗೆ ತಿದ್ದುವರು. ನಡುವೆ ಹಾಡು ಹುಟ್ಟಿದ ಕಥೆ ಹೇಳುವರು. ಸೋತವರಿಗೂ ಒಂದು ಪಾಠವಾಗುತ್ತಿತ್ತು. ತೆಲುಗು ಮನೆಮಾತಿನವರೊಬ್ಬರು ನಮ್ಮ ಮಕ್ಕಳ ಕನ್ನಡ ತಿದ್ದಿದರು ಎಂಬುದನ್ನು ನಾವು ಮರೆಯಬಾರದು.

2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ಅಷ್ಟರಲ್ಲಿ ಕಲರ್ಸ್ ಕನ್ನಡವಾಗಿದ್ದ ಆ ವಾಹಿನಿ 2021ರಲ್ಲಿ ಸ್ಪರ್ಧೆಯನ್ನು ಮತ್ತೆ ಆರಂಭಿಸಿತು. ತೀರ್ಪುಗಾರರಾಗಿ ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ಬಂದರು. ಸಮರ್ಥರೇ, ಆದರೂ ಬಾಲು ಅವರ ಜಾಗ ತುಂಬಲು ಮೂವರು ಬೇಕಾಯಿತು.